ಆರಿಂಚು ಸಡಿಲು

ಶನಿವಾರದ ಬೆಳಗಿನ ಶಾಲೆ, ಗಂಟೆ ಹೊಡೆಯುವ ಮೊದಲು
ಹುನಗುಂದಿ ಮಾಸ್ತರು ಎಸೆದು ಹೋದ ಲೆಕ್ಕ:

ಭೂಮಿಯ ನಡುವಿಗೆ ಒಂದು ಹಗ್ಗ ಬಿಗಿದಿದೆ.
ಬಿಚ್ಚಿ, ಒಂದೇ ಒಂದು ಮೀಟರ್ ಜೋಡಿಸಿ,
ಸುತ್ತಲೂ ಸಮನಾಗಿ ಎತ್ತಿ ಹಿಡಿದರೆ
ಕೆಳಗೆ ಏನು ನುಸುಳೀತು?

ಇರುವೆ, ಅಂದಳು ಕಸ್ತೂರಿ.
ಇರುವೆಯೂ ಇಲ್ಲ, ಇರುವೆಯ ನೆರಳು, ಅಂದೆ ನಾನು
ಜಾಣತನಕ್ಕೆ.
ನಲವತ್ತು ಸಾವಿರ ಕಿಲೋಮೀಟರಿಗೆ ಒಂದು ಮೀಟರ್ ಅಂದರೆ
ಮದುವೆ ಮನೆ ಸಾರಿಗೆ ಒಂದು ಹರಳು ಉಪ್ಪು.

ಮಧ್ಯಾಹ್ನ ಗದಗಿನ ಟಾಂಗಾಕೂಟದಲ್ಲಿ
ಏಕನಾಥ ಮಾಮಾನ ಅಂಗಡಿಯ ಕಟ್ಟೆ.
ಅವನು ನನ್ನ ಲಂಗದ ಪಟ್ಟಿ ಬಿಚ್ಚುತ್ತಿದ್ದ,
ನಾನು ಹಗ್ಗ ಬಿಡುತ್ತಿದ್ದೆ:
ಮಷಿನ್ನಿನ ಕಾಲಿಗೆ ಕಟ್ಟಿದ್ದು ಅಣ್ಣಿಗೇರಿ ದಾಟಿತು,
ಹುಬ್ಬಳ್ಳಿಯಲ್ಲಿ ರೈಲು ಗೇಟಿಗೆ ನಿಂತಿತು,
ಕಾರವಾರದಲ್ಲಿ ನೀರಿಗಿಳಿಯಿತು.
ಆಮೇಲೆ ನನಗೆ ಹೆಸರು ಗೊತ್ತಿಲ್ಲದ ಊರುಗಳು.
ಕೊನೆಗೆ ಬನ್ನಿಕೊಪ್ಪದ ಕಡೆಯಿಂದ
ತೊಯ್ದು, ಮೈತುಂಬ ಜಾಲಿಮುಳ್ಳು ಹತ್ತಿಸಿಕೊಂಡು ತಿರುಗಿ ಬಂತು.
ಇಷ್ಟು ತಿರುಗಿ ಬಂದದ್ದಕ್ಕೆ ಒಂದು ಮೀಟರ್ ಯಾವ ಲೆಕ್ಕ?

ಮಾಮಾ ಸೂಜಿ ಕಚ್ಚಿಕೊಂಡೇ ಕೇಳಿದ.
"ನಿಮ್ಮ ಮಾಸ್ತರಗ ಹೊಲಿಗಿ ಬರತೈತೇನ?" ಅಂದ.

ದಾರದ ಉಂಡೆ ತಗೊಂಡ. ಸುತ್ತ ಟೇಪು ಹಿಡಿದು
ಆರಿಂಚು ಸಡಿಲ ಬಿಟ್ಟು ಗುಂಡಗೆ ಮಾಡಿದ.
ನಡುವೆ ನನ್ನ ಎರಡು ಬೆರಳು.
ಇಸ್ತ್ರಿಗೆ ನೀರು ಚಿಮುಕಿಸುವ ಕೊಡ. ಆರಿಂಚು ಸಡಿಲ.
ಎರಡು ಬೆರಳು.
ಅಷ್ಟರಲ್ಲಿ ಗರಡಿಯಿಂದ ಬಂದ ದ್ಯಾವಪ್ಪ ಪೈಲವಾನ,
ಕಿವಿಯ ಹಿಂದೆ ಇನ್ನೂ ಕೆಂಪು ಮಣ್ಣು. ಅವನನ್ನೂ ಬಿಡಲಿಲ್ಲ.
ನಲವತ್ತೆಂಟಿಂಚಿನ ನಡು.
ಪೈಲವಾನ ಉಸಿರು ಹಿಡಿದು ನಿಂತ, ಯಾರೂ ಹಿಡಿ ಅಂದಿರಲಿಲ್ಲ.
ಎರಡೇ ಬೆರಳು.

"ದೊಡ್ಡ ಮೈಗೆ ದೊಡ್ಡ ಸಡಿಲು ಬೇಕಂತ ತಿಳದಿದ್ದೆ.
ನಮ್ಮಪ್ಪ ಗಜಕಡ್ಡಿ ಮುರದದ್ದ ಅವತ್ತ, ನನ್ನ ಬೆನ್ನ ಮ್ಯಾಲ.
ತೊಟ್ಟಿಲ ಕೂಸಿಗೂ ಅಷ್ಟ, ಆನಿಗೂ ಅಷ್ಟ.
ಆರು ಕೊಟ್ಟರ ಒಂದು. ಪೂರಾ ಒಂದಲ್ಲ,
ಒಂದ ಎಳಿ ಕಮ್ಮಿ.
ಒಳಗ ಯಾರದಾರ ಅಂತ ಟೇಪ ಕೇಳಂಗಿಲ್ಲ."

ಭೂಮಿಗೆ?
ಮಾಮಾ ಕತ್ತರಿ ನಿಲ್ಲಿಸಿ ರಸ್ತೆ ನೋಡಿದ,
ಉದ್ರಿ ಗಿರಾಕಿಯನ್ನು ನೋಡಿದ ಹಾಗೆ.
"ಅದಕ್ಕೂ ಅಷ್ಟ ಇರಬೇಕು. ನಾ ಹೊಲದು ನೋಡಿಲ್ಲ."

ಸೋಮವಾರ ಕರಿಹಲಗೆಯ ಮೇಲೆ ಉತ್ತರ:
ಹದಿನಾರು ಸೆಂಟಿಮೀಟರ್. ಗೇಣಿಗೆ ಮೂರು ಬೆರಳು ಕಮ್ಮಿ.
ಇಲಿ ದಾಟೀತು, ಹೆಗ್ಗಣ ದಾಟೀತು,
ಬೆಕ್ಕು ಮನಸ್ಸು ಮಾಡಿದರೆ ಹೊಟ್ಟೆ ಎಳೆದುಕೊಂಡು.
ಎರಡೂ ಕಡೆ ತ್ರಿಜ್ಯ ಹೊಡೆದು ಹಾಕಿದರು ಮಾಸ್ತರು.
ಸಮುದ್ರಗಳ ಸಮೇತ ಭೂಮಿ ಹೋಯಿತು
ಒಂದು ಅಡ್ಡಗೆರೆಯಲ್ಲಿ.
ಕಸ್ತೂರಿ ಚಪ್ಪಾಳೆ ತಟ್ಟಿದಳು. ನನಗೆ ಸಿಟ್ಟು:
ಇಷ್ಟು ದೊಡ್ಡದು, ಲೆಕ್ಕಕ್ಕೇ ಇಲ್ಲವೇ?

ಮುಂದೆ ಎಷ್ಟೋ ವರ್ಷಕ್ಕೆ, ನನ್ನ ಕುಪ್ಪಸದ ಅಳತೆ ಹುಡುಕುತ್ತ
ಮಾಮಾ ತೆರೆದ ಕೆಂಪು ರಟ್ಟಿನ ವಹಿ.
ಹಾಳೆ ತಿರುವುವಾಗ ಕಂಡಿತು
ದ್ಯಾವಪ್ಪ: ೪೮, ೪೬, ೪೬, ೪೧, ೩೬.
"ಸಕ್ಕರಿ ಬ್ಯಾನಿ," ಅಂದ ಮಾಮಾ.
ಬೆರಳು ಆ ಸಾಲಿನ ಮೇಲೇ ಇತ್ತು.
"ಹನ್ನೆರಡ ಇಳದಾನ. ಅಂದರ ಸುತ್ತಲೂ ಎರಡಿಂಚ ಒಳಗ ಹೋಗ್ಯಾನ.
ಎರಡ. ಭಾಳ ದೂರ ಅಲ್ಲ."

ಆ ಮಾತಿಗೇ ಕಾದಂತೆ ಬಂದ ಪೈಲವಾನ,
ಹಳೆ ಪಾಯಜಾಮ ಮುಷ್ಟಿಯಲ್ಲಿ ಹಿಡಿದುಕೊಂಡು.
ಮಾಮಾ ಟೇಪು ಸುತ್ತಿದ.
ಉಸಿರು ಹಿಡಿದು ನಿಂತ ಅವನು,
ಈ ಸಲವೂ ಯಾರೂ ಹಿಡಿ ಅಂದಿರಲಿಲ್ಲ.
ಮಾಮಾ ಮೂವತ್ತೈದು ಅಂತ ಬರೆದ,
ನಲವತ್ತೊಂದಕ್ಕೆ ಬಟ್ಟೆ ಕತ್ತರಿಸಿದ.